ಮಹಮ್ಮದ್ ಅಲಿ ಒಮ್ಮೆಯೂ ಸೋತಿಲ್ವಾ? ಸತ್ಯಾಂಶ ಇಲ್ಲಿದೆ

"ಮಹಮ್ಮದ್ ಅಲಿ ಜೀವನದಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ" ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗಿ ಬರುತ್ತದೆ. ಓದಲು ಚೆನ್ನಾಗಿದೆ, ಆದರೆ ನಿಜವಲ್ಲ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅವರು ಆಡಿದ್ದು 61 ಪಂದ್ಯ. ಗೆದ್ದದ್ದು 56, ಸೋತದ್ದು 5.

ಈ ಮಾತು ಸುಮ್ನೆ ಹುಟ್ಟಿದ್ದಲ್ಲ ಅನಿಸುತ್ತದೆ. 1967ರಲ್ಲಿ ಅಮೆರಿಕದ ಸೇನೆ ಸೇರಲ್ಲ ಎಂದಾಗ ಅವರ ವಿಶ್ವ ಹೆವಿವೇಟ್ ಚಾಂಪಿಯನ್ ಪಟ್ಟ ಕಿತ್ತುಕೊಂಡರು. ಆಗ ಅವರು ಸೋಲೇ ಕಂಡಿರಲಿಲ್ಲ. ಮತ್ತೆ ರಿಂಗ್‌ಗೆ ಇಳಿದದ್ದು 1970ರ ಅಕ್ಟೋಬರ್‌ನಲ್ಲಿ.

ಮೊದಲ ಸೋಲು 1971ರ ಮಾರ್ಚ್ 8ರಂದು, ನ್ಯೂಯಾರ್ಕ್‌ನಲ್ಲಿ. ಹದಿನೈದನೇ ಸುತ್ತು, ಅಂದರೆ ಕೊನೆಯದು. ಜೋ ಫ್ರೇಜಿಯರ್ ಬೀಸಿದ ಎಡಗೈ ಹುಕ್ ದವಡೆಗೆ ಬಿತ್ತು. ಅಲಿ ಅಂಗಾತ ಬಿದ್ದರು. ಕೆಲವೇ ಸೆಕೆಂಡುಗಳಲ್ಲಿ ಎದ್ದರು, ಕೊನೆಯ ಗಂಟೆ ಬಾರಿಸುವ ತನಕ ಕಾದಾಡಿದರು. ನನಗಂತೂ ಆ ಎದ್ದು ನಿಂತದ್ದೇ ಜಾಸ್ತಿ ದೊಡ್ಡದು. ಆದರೂ ತೀರ್ಪು ಫ್ರೇಜಿಯರ್ ಪಾಲಾಯಿತು.

1973ರಲ್ಲಿ ಕೆನ್ ನಾರ್ಟನ್ ಅಲಿಯ ದವಡೆಯನ್ನೇ ಮುರಿದು ಗೆದ್ದರು. 1978ರ ಫೆಬ್ರುವರಿಯಲ್ಲಿ ಲಿಯಾನ್ ಸ್ಪಿಂಕ್ಸ್ ಸೋಲಿಸಿ ಪಟ್ಟ ಗೆದ್ದರು. ಸ್ಪಿಂಕ್ಸ್‌ಗೆ ಅದಕ್ಕೂ ಮೊದಲು ಬರೀ ಏಳು ಪಂದ್ಯಗಳ ಅನುಭವ! ಅದೇ ಸೆಪ್ಟೆಂಬರ್‌ನಲ್ಲಿ ಅಲಿ ಪಟ್ಟ ವಾಪಸ್ ಪಡೆದರು. 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಹತ್ತು ಸುತ್ತಾದ ಮೇಲೆ ತರಬೇತುದಾರರೇ ಪಂದ್ಯ ನಿಲ್ಲಿಸಿದರು. ಕೊನೆಯ ಪಂದ್ಯ 1981ರ ಡಿಸೆಂಬರ್‌ನಲ್ಲಿ, ಬಹಾಮಾಸ್‌ನಲ್ಲಿ. ಅಲ್ಲಿ ರಿಂಗ್‌ಗೆ ಸರಿಯಾದ ಗಂಟೆಯೂ ಇರಲಿಲ್ಲ, ಹಸುವಿನ ಕೊರಳಿಗೆ ಕಟ್ಟುವ ಗಂಟೆ ಬಾರಿಸಿದರು. ಗೆದ್ದದ್ದು ಟ್ರೆವರ್ ಬರ್ಬಿಕ್.

ಸೋಲೇ ಕಾಣದ ಹೆವಿವೇಟ್ ಚಾಂಪಿಯನ್ ಬೇಕಿದ್ದರೆ ರಾಕಿ ಮಾರ್ಸಿಯಾನೊ ಇದ್ದಾರೆ: 49ಕ್ಕೆ 49.