ಪಾಪ, ಪಾರ್ಕ್ ಓನರ್!

ಕ್ಯಾಲಿಫೋರ್ನಿಯಾದಲ್ಲಿ ಒಂದು ಬಗೆಯ ನತದೃಷ್ಟರಿದ್ದಾರೆ. ಅವರ ಹೆಸರಲ್ಲಿ ಎಕರೆಗಟ್ಟಲೆ ಜಾಗ ಇದೆ. ಆ ಜಾಗದಲ್ಲಿ ನೂರಾರು ಜನ ಸ್ವಂತ ದುಡ್ಡಿನಲ್ಲಿ ಮನೆ ತಂದು ಇಟ್ಟುಕೊಂಡು, ತಿಂಗಳು ತಿಂಗಳು ತಪ್ಪದೆ ಬಾಡಿಗೆ ಕಟ್ಟುತ್ತಾರೆ. ಸೂರು ಸೋರಿದರೆ ಓನರ್‌ಗೆ ತಲೆನೋವಿಲ್ಲ. ಗೆದ್ದಲು ಹಿಡಿದರೆ ಮನೆಯವರೇ ನೋಡಿಕೊಳ್ಳುತ್ತಾರೆ. ಇಷ್ಟಾದರೂ ಪಾಪ, ಓನರ್‌ಗೆ ನಿದ್ದೆ ಬರುವುದಿಲ್ಲ. ಯಾಕೆಂದರೆ ಊರಿನ ಕೌನ್ಸಿಲ್‌ನವರು 'ಬಾಡಿಗೆಯನ್ನು ಮನಸ್ಸಿಗೆ ಬಂದ ಹಾಗೆ ಏರಿಸಬೇಡಿ' ಅಂದುಬಿಟ್ಟಿದ್ದಾರೆ.

ಇವರೇ ಮೊಬೈಲ್ ಹೋಮ್ ಪಾರ್ಕ್ ಮಾಲೀಕರು. ಇವರ ಪರವಾಗಿ ಎರಡು ಹನಿ ಕಣ್ಣೀರು ಹಾಕೋಣ ಅಂತ ಕೂತಿದ್ದೇನೆ.

ವ್ಯವಸ್ಥೆ ಸರಳ. ಮನೆ ನಿಮ್ಮದು, ಸೈಟ್ ಅವರದು. ಮನೆ ಫ್ಯಾಕ್ಟರಿಯಲ್ಲಿ ತಯಾರಾಗಿ ಲಾರಿಯ ಹಿಂದೆ ಬರುತ್ತದೆ. ಬಂದ ಮೇಲೆ ಅದನ್ನು ಇಟ್ಟಿಗೆ, ಕಬ್ಬಿಣದ ಆನಿಕೆಗಳ ಮೇಲೆ ಕೂರಿಸುತ್ತಾರೆ. ಅಡಿಯ ಸಂದು ಕಾಣದ ಹಾಗೆ ಸುತ್ತಲೂ ತಗಡು ಹೊಡೆಯುತ್ತಾರೆ. ಮುಂದೆ ಮೂರು ಮೆಟ್ಟಿಲು, ಪಕ್ಕದಲ್ಲಿ ಕಾರಿಗೊಂದು ಚಪ್ಪರ, ಕುಂಡದಲ್ಲಿ ನಿಂಬೆ ಗಿಡ. ಅಲ್ಲಿಗೆ ಆ ಮನೆಯ ಪ್ರಯಾಣ ಮುಗಿಯಿತು. ಒಮ್ಮೆ ಕೂತ ಮನೆಗಳಲ್ಲಿ ನೂರಕ್ಕೆ ಒಂದು ಮಾತ್ರ ಮತ್ತೆ ಜಾಗ ಬಿಟ್ಟು ಕದಲುತ್ತದೆ ಅಂತ ಅಮೆರಿಕದ ಸುಪ್ರೀಂ ಕೋರ್ಟೇ ಒಂದು ತೀರ್ಪಿನಲ್ಲಿ ಬರೆದಿದೆ. ಎತ್ತಿ ಸಾಗಿಸುವ ಖರ್ಚು ಮನೆಯ ಬೆಲೆಯಲ್ಲೇ ದೊಡ್ಡ ಪಾಲು ತಿನ್ನುತ್ತದೆ. ಸಾಗಿಸಿದರೂ ಹಳೇ ಮನೆಯನ್ನು ಒಳಗೆ ಬಿಟ್ಟುಕೊಳ್ಳುವ ಪಾರ್ಕ್ ಸಿಗಬೇಕಲ್ಲ!

ಆದರೆ ಓನರ್ ಹೇಳುವುದು ಇಷ್ಟೇ: 'ಬಾಡಿಗೆ ಜಾಸ್ತಿ ಅನಿಸಿದರೆ ಬೇರೆ ಕಡೆ ಹೋಗಿ. ಇದು ಸ್ವತಂತ್ರ ದೇಶ.' ಹೋಗಬಹುದು. ಎಪ್ಪತ್ತೆರಡು ವರ್ಷದ ಅಜ್ಜಿ ಹೋಗುತ್ತಾರೆ, ಮನೆ ಅಲ್ಲೇ ಇರುತ್ತದೆ, ಅಷ್ಟೇ.

ಈ ವಿಷಯದಲ್ಲಿ ನನಗೆ ಫ್ರಾಂಕ್ ರೋಲ್ಫ್ ಅವರ ಮೇಲೆ ತುಂಬಾ ಗೌರವ. ಅವರು ದೇಶದ ದೊಡ್ಡ ಪಾರ್ಕ್ ಮಾಲೀಕರಲ್ಲಿ ಒಬ್ಬರು. ಪಾರ್ಕ್ ಕೊಂಡು ದುಡ್ಡು ಮಾಡುವುದನ್ನು ಕಲಿಸಲು 'ಮೊಬೈಲ್ ಹೋಮ್ ಯೂನಿವರ್ಸಿಟಿ' ಅಂತಲೇ ಒಂದನ್ನು ನಡೆಸುತ್ತಾರೆ. ಅಲ್ಲಿಯ ದೋಸೆ ಅನ್ನಬಹುದಾದ ವಾಫಲ್ ಮಾರುವ 'ವಾಫಲ್ ಹೌಸ್' ಹೋಟೆಲ್ ಸಾಲಿದೆಯಲ್ಲ, ಮೊಬೈಲ್ ಹೋಮ್ ಪಾರ್ಕ್ ಅಂದರೆ ಗಿರಾಕಿಗಳನ್ನು ಸೀಟಿಗೆ ಸರಪಳಿ ಹಾಕಿ ಕಟ್ಟಿದ ವಾಫಲ್ ಹೌಸ್ ಇದ್ದ ಹಾಗೆ ಅಂತ ಅವರೇ ಹೇಳಿದ್ದಾರೆ. ಬಾಡಿಗೆದಾರರ ಸಂಘದವರು ಹೇಳಿದ್ದರೆ ಅಪಪ್ರಚಾರ ಅನ್ನಬಹುದಿತ್ತು. ಇದು ಮೇಷ್ಟರ ಮಾತು. ಕಾಲೇಜಿನಲ್ಲಿ ಕಲಿಸುವ ಎಷ್ಟು ಜನ ಇಷ್ಟು ನೇರವಾಗಿ ಪಾಠ ಮಾಡುತ್ತಾರೆ ಹೇಳಿ?

ಅಂದಹಾಗೆ, ಅಜ್ಜಿ ಇರುವ ಆ ವಸ್ತು ಏನು ಅನ್ನುವುದು ಕೇಳುವವರು ಯಾರು ಅನ್ನುವುದರ ಮೇಲೆ ನಿಂತಿದೆ. 1980ರ ಜುಲೈಗಿಂತ ಮುಂಚೆ ಹೊಸದಾಗಿ ಕೊಂಡದ್ದಾದರೆ, ಕ್ಯಾಲಿಫೋರ್ನಿಯಾ ಸರ್ಕಾರ ಅದಕ್ಕೆ ಕಾರಿನ ಹಾಗೆ ವಾಹನ ಶುಲ್ಕ ಕೇಳುತ್ತದೆ. ಬ್ಯಾಂಕಿಗೆ ಹೋದರೆ ಅದು ಫ್ರಿಜ್, ಸೋಫಾಗಳ ಸಾಲಿಗೆ ಸೇರಿದ ಸಾಮಾನು. ಹಾಗಾಗಿ ಗೃಹಸಾಲದ ಬಡ್ಡಿ ಇಲ್ಲ, ಅದಕ್ಕಿಂತ ಜಾಸ್ತಿ. ಓನರ್‌ಗೆ ಮಾತ್ರ ಅದು ಯಾವ ಗಾಳಿಗೂ ಅಲುಗದ ಮನೆ. ಬೆಳಗ್ಗೆ ಬಾಗಿಲಿಗೆ ಟೇಪ್ ಹಚ್ಚಿದ ಕಾಗದ: 'ತೊಂಬತ್ತು ದಿನದ ನಂತರ ನಿಮ್ಮ ಸ್ಪೇಸ್ ರೆಂಟ್ ಇಷ್ಟು.' ತೊಂಬತ್ತು ದಿನ ಯಾಕೆಂದರೆ, ಅಷ್ಟು ಮುಂಚೆ ಹೇಳಬೇಕು ಅಂತ ರಾಜ್ಯದ ಕಾನೂನಿದೆ. ಮನಸ್ಸು ಗಟ್ಟಿ ಮಾಡಿಕೊಳ್ಳಲು ಮೂರು ತಿಂಗಳು.

ಈಗ ಓನರ್‌ಗಳ ಕಷ್ಟಕ್ಕೆ ಬರೋಣ. ಸ್ಯಾನ್ ಡಿಯಾಗೋ ಹತ್ತಿರ ಎಸ್ಕಾಂಡಿಡೊ ಅಂತ ಊರು. 1988ರಲ್ಲಿ ಅಲ್ಲಿಯ ಮತದಾರರು 'ಪ್ರೊಪೊಸಿಷನ್ ಕೆ' ಪಾಸ್ ಮಾಡಿದರು. ಪ್ರೊಪೊಸಿಷನ್ ಅಂದರೆ ಜನರೇ ನೇರವಾಗಿ ಮತ ಹಾಕಿ ತೀರ್ಮಾನಿಸುವ ಕಾನೂನು. ಬಾಡಿಗೆ 1986ರ ಮಟ್ಟಕ್ಕೆ ಹಿಂದೆ ಹೋಯಿತು. ಮುಂದೆ ಏರಿಸಬೇಕಾದರೆ ಕೌನ್ಸಿಲ್ ಒಪ್ಪಬೇಕು. ಎರಡು ಪಾರ್ಕ್‌ಗಳ ಮಾಲೀಕರಾದ ಯೀ ದಂಪತಿ ಸುಪ್ರೀಂ ಕೋರ್ಟಿನ ತನಕ ಹೋದರು. ಅವರ ವಾದ ಕೇಳಿ: ಇದು ಬಾಡಿಗೆ ನಿಯಂತ್ರಣವೇ ಅಲ್ಲ, ನಮ್ಮ ಜಾಗವನ್ನು ಸರ್ಕಾರ ಬೇರೆಯವರಿಂದ ಒತ್ತುವರಿ ಮಾಡಿಸಿದೆ, ಪರಿಹಾರ ಕೊಡಿಸಿ.

ಸುಮ್ನೆ ನಗಬೇಡಿ. 1982ರಲ್ಲಿ ನ್ಯೂಯಾರ್ಕಿನ ಒಂದು ಕಟ್ಟಡದ ಮೇಲೆ ಕೇಬಲ್ ಟಿವಿಯವರು ತಂತಿ ಎಳೆದದ್ದಕ್ಕೆ, ಇದೂ ಆಸ್ತಿ ಕಿತ್ತುಕೊಂಡ ಹಾಗೆಯೇ ಅಂತ ಇದೇ ಕೋರ್ಟು ಹೇಳಿತ್ತು. ಒಂದು ತಂತಿಗೇ ಪರಿಹಾರ ಉಂಟು ಅಂದಮೇಲೆ, ಮೂರು ಬೆಕ್ಕು ಸಾಕಿಕೊಂಡು ಹಾಯಾಗಿರುವ ಒಂದು ಇಡೀ ಅಜ್ಜಿಗೆ ಎಷ್ಟಾಗಬೇಕು, ಅಲ್ವಾ?

ತೀರ್ಪು ಬಂತು. ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಒ'ಕಾನರ್ ಬರೆದರು. ಒಬ್ಬ ನ್ಯಾಯಾಧೀಶರೂ ಮಾಲೀಕರ ಕಡೆ ನಿಲ್ಲಲಿಲ್ಲ. ಸಾರಾಂಶ ಇಷ್ಟು: ಜಾಗ ಬಾಡಿಗೆಗೆ ಕೊಡಿ ಅಂತ ನಿಮ್ಮ ಕತ್ತು ಹಿಡಿದವರು ಯಾರೂ ಇಲ್ಲ, ನೀವೇ ಕರೆದು ಕೂರಿಸಿದ್ದೀರಿ. ಬೇಡ ಅನಿಸಿದರೆ ಆರು ತಿಂಗಳೋ ಹನ್ನೆರಡು ತಿಂಗಳೋ ನೋಟಿಸ್ ಕೊಟ್ಟು ಪಾರ್ಕ್ ಮುಚ್ಚಿ, ರಾಜ್ಯದ ಕಾನೂನು ಬಿಡುತ್ತದೆ. ತೀರ್ಪಿನ ತಾರೀಖು 1992ರ ಏಪ್ರಿಲ್ 1. ಯಾರೋ ತಮಾಷೆ ಮಾಡುತ್ತಿದ್ದಾರೆ ಅಂತ ಮಾಲೀಕರಿಗೆ ಅನಿಸಿದ್ದರೆ ಅದು ಅವರ ತಪ್ಪಲ್ಲ.

ಓನರ್‌ಗಳ ಒಂದು ಮಾತಿನಲ್ಲಿ ಮಾತ್ರ ನಿಜವಾಗಿಯೂ ಹುರುಳಿದೆ. ಸೈಟಿನ ಬಾಡಿಗೆ ಕಡಿಮೆ ಇದ್ದರೆ ಅದರ ಮೇಲೆ ಕೂತ ಮನೆಗೆ ಒಳ್ಳೇ ರೇಟು ಸಿಗುತ್ತದೆ. ಅಜ್ಜಿ ಮನೆ ಮಾರುವಾಗ ಅವರು ಮಾರುವುದು ತಗಡು, ಪ್ಲೈವುಡ್ ಮಾತ್ರ ಅಲ್ಲ, ಅಗ್ಗದ ಬಾಡಿಗೆಯ ಭಾಗ್ಯವನ್ನೂ ಸೇರಿಸಿ ಮಾರುತ್ತಾರೆ. ಕೊಳ್ಳುವವರು ಅದಕ್ಕೆ ಈಗಲೇ ದುಡ್ಡು ಎಣಿಸಬೇಕು. ಹಾಗಾದರೆ ಹೊಸದಾಗಿ ಬರುವ ಬಡವರಿಗೆ ಉಳಿದದ್ದೇನು? ಸರಿಯಾದ ಪ್ರಶ್ನೆ. ಓನರ್‌ಗಳ ಪರಿಹಾರವೂ ರೆಡಿ ಇದೆ: ಮನೆ ಕೈ ಬದಲಾದಾಗ ಬಾಡಿಗೆಯನ್ನು ಎಷ್ಟು ಬೇಕಾದರೂ ಏರಿಸಲು ಬಿಡಿ. ಆಗ ಬಾಡಿಗೆ ಜಾಸ್ತಿ, ಮನೆಯ ಬೆಲೆ ಪಾತಾಳಕ್ಕೆ. ಅಜ್ಜಿಗೆ ಬರುವುದಿದ್ದ ದುಡ್ಡು ಓನರ್‌ಗೆ. ಹೊಸದಾಗಿ ಬರುವವರ ಮೇಲಿನ ಕನಿಕರ ಅಲ್ಲಿಗೆ ಮುಗಿಯಿತು.

ಇದಕ್ಕಿಂತ ಸೊಗಸಾದದ್ದು ಗೊಲೀಟಾ ಕೇಸು. ಸ್ಯಾಂಟಾ ಬಾರ್ಬರಾ ಪಕ್ಕದ ಊರು. ಅಲ್ಲಿ 1979ರಿಂದಲೂ ಬಾಡಿಗೆ ನಿಯಂತ್ರಣ ಇತ್ತು. 1997ರಲ್ಲಿ ಕೆಲವರು ಸೇರಿ ಅಲ್ಲೊಂದು ಪಾರ್ಕ್ ಕೊಂಡರು. ನಿಯಂತ್ರಣ ಇರುವ ಪಾರ್ಕಿಗೆ ನಿಯಂತ್ರಣ ಇರುವ ಪಾರ್ಕಿನ ರೇಟೇ ತಾನೇ ಇರೋದು? ಕೊಂಡ ಮೇಲೆ ಕೋರ್ಟಿಗೆ ಹೋಗಿ, 'ಸ್ವಾಮೀ, ಈ ನಿಯಂತ್ರಣದಿಂದ ನಮ್ಮ ಆಸ್ತಿ ಬೆಲೆ ಕಳೆದುಕೊಂಡಿದೆ' ಅಂದರು. ರೈಲ್ವೆ ಹಳಿ ಪಕ್ಕ ಅಗ್ಗಕ್ಕೆ ಮನೆ ತಗೊಂಡು, ರೈಲಿನ ಸದ್ದಿಗೆ ಪರಿಹಾರ ಕೇಳಿದ ಹಾಗಾಯಿತು. ಮೂವರು ನ್ಯಾಯಾಧೀಶರ ಪೀಠದಲ್ಲಿ ಗೆದ್ದೂ ಬಿಟ್ಟರು! 2010ರಲ್ಲಿ ದೊಡ್ಡ ಪೀಠ ಅದನ್ನು ತಿರುಗಿಸಿತು. ಗೊತ್ತಿದ್ದೇ ಕೊಂಡಿದ್ದೀರಿ, ಕಾನೂನು ಉಳಿದರೆ ನಿಮಗೆ ಹೊಸದಾಗಿ ಏನೂ ಹೋಗುವುದಿಲ್ಲ, ತೆಗೆದರೆ ಮನೆಯವರು ದುಡ್ಡು ಕೊಟ್ಟು ಕೊಂಡದ್ದು ಹೋಗುತ್ತದೆ ಅಂದಿತು.

ಕೋರ್ಟು ಕೈ ಕೊಟ್ಟರೆ ಜನತಾ ಜನಾರ್ದನ ಇದ್ದಾನಲ್ಲ. 1996ರಲ್ಲಿ ಮೊಬೈಲ್ ಹೋಮ್ ಬಾಡಿಗೆ ನಿಯಂತ್ರಣವನ್ನು ಹಂತ ಹಂತವಾಗಿ ತೆಗೆದುಹಾಕುವ 'ಪ್ರೊಪೊಸಿಷನ್ 199' ರಾಜ್ಯದ ಮತಪತ್ರಕ್ಕೆ ಬಂತು. ಬಡವರಿಗೆ ಬಾಡಿಗೆಯಲ್ಲಿ ಸ್ವಲ್ಪ ರಿಯಾಯಿತಿ ಅಂತ ಮೂಗಿಗೆ ತುಪ್ಪ ಸವರಿದ್ದರು. ಜನ ಮೂಗು ಒರೆಸಿಕೊಂಡು ಸೋಲಿಸಿದರು.

ಹನ್ನೆರಡು ವರ್ಷ ಬಿಟ್ಟು, 2008ರ ಜೂನ್‌ನಲ್ಲಿ 'ಪ್ರೊಪೊಸಿಷನ್ 98'. ಈ ಸಲ ಬಾಡಿಗೆಯ ಸುದ್ದಿಯೇ ಇಲ್ಲದ ಹೆಸರು: ಆಸ್ತಿ ಮಾಲೀಕರ ಮತ್ತು ಕೃಷಿ ಭೂಮಿಯ ರಕ್ಷಣೆ. ಸರ್ಕಾರ ನಿಮ್ಮ ಮನೆ ಕಿತ್ತು ಬಿಲ್ಡರ್‌ಗೆ ಕೊಡುತ್ತದೆ, ರೈತರ ಹೊಲ ನುಂಗುತ್ತದೆ, ಎದ್ದೇಳಿ! ರೈತರ ಮೇಲೆ ಇಷ್ಟು ಪ್ರೀತಿ ಯಾರಿಗಪ್ಪಾ ಅಂತ ದುಡ್ಡು ಕೊಟ್ಟವರ ಪಟ್ಟಿ ನೋಡಿದರೆ, ಅಪಾರ್ಟ್‌ಮೆಂಟ್ ಮಾಲೀಕರು, ಮೊಬೈಲ್ ಹೋಮ್ ಪಾರ್ಕ್ ಮಾಲೀಕರು. ಒಳಗಿನ ಪುಟಗಳಲ್ಲಿ ಬಾಡಿಗೆ ನಿಯಂತ್ರಣಕ್ಕೆ ಗುಂಡಿ ತೋಡಿಟ್ಟಿದ್ದರು. ಆಗಿನ ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗ್ಗರ್ ಕೂಡ ಬೇಡ ಅಂದರು. ನೂರಕ್ಕೆ 61 ಮತ ವಿರುದ್ಧ ಬಿತ್ತು. ರೈತರ ವೇಷ ಹಾಕಿದರೂ ಕೈಯಲ್ಲಿ ನೇಗಿಲಿನ ಬದಲು ಬಾಡಿಗೆ ರಸೀದಿ ಪುಸ್ತಕ ಕಂಡಿರಬೇಕು.

ಕೋರ್ಟೂ ಬೇಡ, ಮತವೂ ಬೇಡ ಅನ್ನುವ ಜಾಣರಿಗೆ ಇನ್ನೊಂದು ದಾರಿ ಇತ್ತು. ಹನ್ನೆರಡು ತಿಂಗಳಿಗಿಂತ ಜಾಸ್ತಿ ಅವಧಿಯ ಲೀಸ್‌ಗೆ ಸಹಿ ಹಾಕಿಸಿಕೊಂಡರೆ, ಊರಿನ ಬಾಡಿಗೆ ನಿಯಂತ್ರಣ ಅದಕ್ಕೆ ತಾಗುತ್ತಿರಲಿಲ್ಲ. (ಬೆಂಗಳೂರಿನ ಓನರ್‌ಗಳು ರಿಜಿಸ್ಟ್ರೇಷನ್ ತಪ್ಪಿಸಲು ಹನ್ನೊಂದೇ ತಿಂಗಳಿಗೆ ಅಗ್ರಿಮೆಂಟ್ ಮಾಡಿಸುತ್ತಾರೆ. ಕಾನೂನಿನಿಂದ ಓಡಲು ಒಬ್ಬರು ತಿಂಗಳು ಕಡಿಮೆ ಮಾಡಬೇಕು, ಒಬ್ಬರು ಜಾಸ್ತಿ ಮಾಡಬೇಕು.) ಆ ಕಿಂಡಿ ಮುಚ್ಚಲು 2020ರಲ್ಲಿ ಕಾನೂನು ಬಂತು. ಪೂರ್ತಿ ಮುಚ್ಚಿದ್ದು 2025ಕ್ಕೆ.

ಓನರ್ ಅಂದಾಗ ಪಂಚೆ ಉಟ್ಟು ಗೇಟಿನ ಹತ್ತಿರ ನಿಂತ ಯಜಮಾನರನ್ನು ನೆನೆಸಿಕೊಳ್ಳಬೇಡಿ. ನಮ್ಮ ಕಡೆಯ ಸಾಫ್ಟ್‌ವೇರ್ ಮಂದಿ ತುಂಬಿರುವ ಸನ್ನಿವೇಲ್‌ನಲ್ಲೇ ಒಂದು ದೊಡ್ಡ ಪಾರ್ಕನ್ನು 2015ರಲ್ಲಿ ಕೊಂಡದ್ದು ಕಾರ್ಲೈಲ್ ಅನ್ನುವ ಹೂಡಿಕೆ ಕಂಪನಿ. 2019ರಲ್ಲಿ ಮಾರಿ ಮುಂದೆ ನಡೆಯಿತು. ಇಂಥ ಕಂಪನಿಗಳಿಗೆ ಪಾರ್ಕ್ ಕೊಳ್ಳಲು ಸಾಲದ ಬೆಂಬಲ ಎಲ್ಲಿಂದ? ಜನರಿಗೆ ಕೈಗೆಟುಕುವ ಮನೆ ಸಿಗಲಿ ಅಂತ ಸರ್ಕಾರ ಹುಟ್ಟುಹಾಕಿದ ಗೃಹಸಾಲ ಸಂಸ್ಥೆಗಳಾದ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್‌ಗಳಿಂದಲೂ ಸಿಗುತ್ತದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಜಾತ್ರೆಯ ಸುಂಕ ಅಜ್ಜಿ ಕಟ್ಟುತ್ತಾರೆ.

ಹಾಗಂತ ಶಾಸಕರು ಸುಮ್ಮನಿದ್ದಾರೆ ಅಂದುಕೊಳ್ಳಬೇಡಿ. ಅನಾಹೈಮ್ ಮತ್ತು ಫುಲರ್ಟನ್ ಊರುಗಳ ನಡುವೆ ರ್‍ಯಾಂಚೊ ಲಾ ಪಾಜ್ ಅಂತ ಹಿರಿಯರ ಪಾರ್ಕ್ ಇದೆ. ಗಡಿ ಪಾರ್ಕಿನ ಒಳಗೇ ಹಾದುಹೋಗುತ್ತದೆ. 2019ರಲ್ಲಿ ಪಾರ್ಕ್ ಕೈ ಬದಲಾಗಿ, ಬಾಡಿಗೆ ಏರುವ ಸುದ್ದಿ ಬಂದಾಗ ಹಿರಿಯರು ಬೀದಿಗಿಳಿದರು. ಒಂದು ಊರನ್ನು ಕೇಳಿದರೆ ಇನ್ನೊಂದೂ ಒಪ್ಪಬೇಕಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ರಾಜ್ಯವೇ ಕಾನೂನು ಮಾಡಿತು. ವರ್ಷಕ್ಕೆ ನೂರಕ್ಕೆ 3 ಮತ್ತು ಬೆಲೆಯೇರಿಕೆ ಸೇರಿಸಿದಷ್ಟು, ಅದೂ 5 ದಾಟಬಾರದು. 2022ರಿಂದ ಜಾರಿ. ಯಾರಿಗೆ? ಎರಡು ಅಥವಾ ಜಾಸ್ತಿ ಊರುಗಳ ವ್ಯಾಪ್ತಿಗೆ ಬರುವ ಪಾರ್ಕ್‌ಗಳಿಗೆ ಮಾತ್ರ! ಗಡಿ ನಿಮ್ಮ ಪಾರ್ಕಿನ ಮಧ್ಯೆ ಹಾದುಹೋದರೆ ರಾಜ್ಯದ ರಕ್ಷಣೆ. ಬೇಲಿಯ ಆಚೆ ಹಾದುಹೋದರೆ ನಿಮ್ಮ ಊರಿನ ಕೌನ್ಸಿಲ್, ನಿಮ್ಮ ಹಣೆಬರಹ.

ಆದ್ದರಿಂದ ಕ್ಯಾಲಿಫೋರ್ನಿಯಾದ ಅಜ್ಜಿಯರಿಗೆ ನನ್ನದೊಂದು ಸಲಹೆ. ಮನೆ ಸಾಗಿಸುವ ಆಸೆ ಬಿಡಿ, ಅದು ದುಬಾರಿ. ಊರಿನ ಗಡಿ ಸಾಗಿಸಲು ಅರ್ಜಿ ಹಾಕಿ, ನಕ್ಷೆಯ ಮೇಲೆ ಒಂದು ಗೆರೆಯ ಖರ್ಚಷ್ಟೇ. ಎಲ್ಲ ಪಾರ್ಕ್‌ಗಳ ನಡುವೆಯೂ ಒಂದೊಂದು ಗಡಿ ಹಾದುಹೋಗಲಿ. ಒಲೆ ಒಂದು ಊರಲ್ಲಿ, ಸಿಂಕ್ ಇನ್ನೊಂದು ಊರಲ್ಲಿ ಇದ್ದರೂ ಪರವಾಗಿಲ್ಲ. ಬೆಕ್ಕುಗಳು ಯಾವ ಊರಿಗೆ ಸೇರಿದವು ಅನ್ನುವುದನ್ನು ಓನರ್‌ನ ವಕೀಲರು ಬೇಕಾದರೆ ಸುಪ್ರೀಂ ಕೋರ್ಟಿನಲ್ಲಿ ಕೇಳಿಕೊಳ್ಳಲಿ.