ಸತ್ಯಾಂಶ: ಬಟ್ಟಲು ಉಪ್ಪು ಬಚ್ಚಲಿನ ಬೂಷ್ಟನ್ನು ತಡೆಯುವುದೇ?

ಕಾಸರಗೋಡಿನಲ್ಲಿ ಆಟಿಯ ಮಳೆ ಹಿಡಿದೊಡನೆ ಮೊಬೈಲಿಗೆ ಈ ಸಂದೇಶವೂ ಬರುತ್ತದೆ: ‘ಬಚ್ಚಲಿನ ಕಿಟಕಿ ಮುಚ್ಚಿ, ಮೂಲೆಯಲ್ಲಿ ಬಟ್ಟಲು ಕಲ್ಲುಪ್ಪು ಇಡಿ, ಬೂಷ್ಟು ಬಾರದು.’

ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ನೀರು ಹೀರುವುದು ನಿಜ. ನಂಬಿಕೆ ಹುಟ್ಟಿದ್ದೂ ಅಲ್ಲಿಂದಲೇ ಇರಬೇಕು. ಆದರೆ ಬಿಸಿನೀರಿನ ಸ್ನಾನ ಎಬ್ಬಿಸುವ ಹಬೆಯ ಮುಂದೆ ಒಂದು ಬಟ್ಟಲು ಉಪ್ಪು ಯಾವ ಲೆಕ್ಕ! ಹೊರಗೆ ಮಳೆ ಸುರಿಯುತ್ತಿದ್ದರೂ, ಸ್ನಾನ ಮುಗಿದ ಬಚ್ಚಲಿನ ಬೆಚ್ಚನೆಯ ಗಾಳಿಯಲ್ಲಿ ಹೊರಗಿನ ತಂಪುಗಾಳಿಗಿಂತ ಹೆಚ್ಚು ನೀರಿನಂಶವಿರುತ್ತದೆ. ಕಿಟಕಿ ಮುಚ್ಚಿದರೆ ಅದು ಗೋಡೆಗೇ ಇಳಿಯುತ್ತದೆ.

ಸ್ನಾನದ ಬಳಿಕ 20–30 ನಿಮಿಷ ಎಕ್ಸಾಸ್ಟ್ ಫ್ಯಾನ್ ಓಡಲಿ. ಬಾಗಿಲಡಿಯಲ್ಲಿ ಸಂದು ಬೇಕು; ಇಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಗಾಳಿ ಕದಲುವುದಿಲ್ಲ. ಫ್ಯಾನ್ ಇಲ್ಲದವರು ಕಿಟಕಿ ತೆರೆದಿಡಿ, ಗೋಡೆಯ ನೀರನ್ನು ಒರೆಸಿ. ಒದ್ದೆ ಬೈರಾಸನ್ನು ಅಲ್ಲೇ ನೇತುಹಾಕಬೇಡಿ.