ಬೆಟ್ಟು, ಮಜಲು, ಬೈಲು

ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ಪರ್ಕಳದ ಮನೆಗೆ ತಂದ ದಿನ ಅಮ್ಮ ಮೆಟ್ಟಿಲಿಳಿದು ಬಂದು ಅದಕ್ಕೊಂದು ಸುತ್ತು ಹಾಕಿದರು. "ಫೋರ್ ವೀಲ್ ಇದು ಅಮ್ಮ" ಎಂದೆ, ಸ್ವಲ್ಪ ಎದೆಯುಬ್ಬಿಸಿಕೊಂಡೇ. ಅವರು ಬಗ್ಗಿ ಆಚೆ ಬದಿಯ ಚಕ್ರಗಳನ್ನೂ ನೋಡಿ ಬಂದರು.

"ಮತ್ತೆ? ನಿನ್ನ ಹಳೆ ಕಾರಿಗೆ ಎಷ್ಟಿತ್ತು, ಮೂರಾ?"

ಇದಕ್ಕೆ ಸರಿಯಾದ ಉತ್ತರ ಕೊಡಲು ನನಗೆ ಒಂದಿಡೀ ಮಳೆಗಾಲ ಬೇಕಾಯಿತು.

ಗಾಡಿಗೆ ನಾಲ್ಕು ಚಕ್ರ ಇದ್ದ ಮಾತ್ರಕ್ಕೆ ನಾಲ್ಕೂ ದುಡಿಯುತ್ತವೆ ಎಂದೇನಿಲ್ಲ. ಮದುವೆ ಮನೆಯಲ್ಲಿ ಬಡಿಸಲು ನಿಂತ ನಾಲ್ವರಲ್ಲಿ ಇಬ್ಬರು ಸಾರಿನ ಬಾಲ್ದಿ ಹಿಡಿದು ಬೆವರುತ್ತಿರುತ್ತಾರೆ, ಇನ್ನಿಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಅವರ ಜೊತೆಗೆ ನಡೆಯುತ್ತಿರುತ್ತಾರೆ. ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಬೆವರುವುದು ಮುಂದಿನ ಜೋಡಿ, ಪಿಕಪ್ಪಿನಲ್ಲಿ ಹಿಂದಿನ ಜೋಡಿ. ಪಿಕಪ್ಪಿನ ಕಷ್ಟವೆಂದರೆ, ಹಿಂದೆ ಲೋಡಿಲ್ಲದಾಗ ಆ ದುಡಿಯುವ ಜೋಡಿಯ ಮೇಲೆ ಭಾರವೇ ಇರುವುದಿಲ್ಲ. ಒದ್ದೆ ಮಣ್ಣಿನ ಏರಿನಲ್ಲಿ ಹಿಂದಿನ ಚಕ್ರ ಹಗುರಾಗಿ ನಿಂತಲ್ಲೇ ಗಿರಗಿರ ತಿರುಗುತ್ತದೆ. ಬಾವ ಅದಕ್ಕೇ ಖಾಲಿ ಹೋಗುವಾಗಲೆಲ್ಲ ಏಳೆಂಟು ಕೆಂಪುಕಲ್ಲು ಹಿಂದೆ ಹೇರಿಕೊಳ್ಳುತ್ತಾರೆ. ನೋಡಿದವರು "ಎಲ್ಲಿ ಮನೆ ಕಟ್ಟಿಸುದು ಮಾರಾಯ್ರೆ?" ಎಂದು ಕೇಳಿದರೆ, "ಇನ್ನೂ ಜಾಗ ನೋಡ್ತಾ ಇದ್ದೇವೆ" ಎನ್ನುತ್ತಾರೆ.

ಬಾವ ಎಂದರೆ ಅಕ್ಕನ ಗಂಡ. ಅವರೂ ನನ್ನನ್ನು ಬಾವ ಎಂದೇ ಕರೆಯುವುದರಿಂದ ನಮ್ಮ ಫೋನ್ ಮಾತು ಕೇಳಿದವರಿಗೆ ಯಾರು ಯಾರೆಂದು ಗೊತ್ತಾಗುವುದಿಲ್ಲ. ಅವರ ಅಡಿಕೆ ತೋಟ ಹೆಬ್ರಿಯಿಂದ ಒಳಗೆ. ಡಾಮರು ಬಿಟ್ಟ ಮೇಲೆ ಮಣ್ಣಿನ ದಾರಿ ಒಂದು ಗುಡ್ಡೆ ಹತ್ತಿ ಆಚೆ ಇಳಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿಗೆ ರಿಕ್ಷಾವೂ ಹೋಗುತ್ತದೆ. ಆದರೆ ತೋಟಕ್ಕೆ ಗಾಡಿ ಬೇಕಾಗುವುದೇ ಮಳೆಗಾಲದಲ್ಲಿ. ಮಳೆಗೆ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಮೊದಲ ಸಲ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು. ಎರಡನೆಯ ಸಲದ್ದು ಸುಮಾರು 45 ದಿನ ಕಳೆದು, ಅಂದರೆ ಸರಿಯಾಗಿ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ, ಎರಡು ಮಳೆಯ ನಡುವಿನ ಸಣ್ಣ ಹೊಳವಿನಲ್ಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇವುಗಳ ಮೂಟೆ, ಡ್ರಮ್ಮು, ಪೈಪು, ಪಂಪು, ಮರ ಹತ್ತುವವರು, ಎಲ್ಲರೂ ಆ ಹೊಳವಿನಲ್ಲೇ ಗುಡ್ಡೆ ದಾಟಬೇಕು. ಬೇಸಿಗೆಯಲ್ಲಿ ಬಂದು ಹೋಗುವ ರಿಕ್ಷಾದವರು ಆಗ ಫೋನೇ ತೆಗೆಯುವುದಿಲ್ಲ.

ಗೇರಿನ ಪಕ್ಕ ಹಳೇ ರೇಡಿಯೋದ ತಿರುಗಣೆಯಂಥದ್ದೊಂದು ಉಂಟು. ಅದರ ಸುತ್ತ ಮೂರು ಗುರುತು: 2ಎಚ್, 4ಎಚ್, 4ಎಲ್. ಅಂಕೆ ದುಡಿಯುವ ಚಕ್ರಗಳ ಲೆಕ್ಕ, ಎಚ್ ಎಂದರೆ ಹೈ, ಎಲ್ ಎಂದರೆ ಲೋ ಎಂದು ನಾನು ವಿವರಿಸಿದೆ. ಬಾವ ತಲೆಯಾಡಿಸಿದರು. ಒಂದು ವಾರ ಗುಡ್ಡೆ ಹತ್ತುವಾಗ ಎಚ್, ಇಳಿಯುವಾಗ ಎಲ್ ಹಾಕಿ ಓಡಿಸಿದರು. ತಪ್ಪು ಅವರದ್ದಲ್ಲ. ಅಲ್ಲಿ ಹೈ, ಲೋ ಎಂದಿರುವುದು ಗುಡ್ಡೆಗಲ್ಲ, ಗೇರಿಗೆ. 4ಎಲ್‌ನಲ್ಲಿ ಇನ್ನೊಂದು ಹಲ್ಲಿನ ಚಕ್ರದ ಜೋಡಿ ನಡುವೆ ಬಂದು ವೇಗ ಸುಮಾರು ಎರಡೂವರೆ ಪಟ್ಟು ತಗ್ಗುತ್ತದೆ, ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ. ಇಷ್ಟು ಹೇಳಿದ ಮೇಲೆ ಬಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ಹಾಗಾದ್ರೆ ಇದು ಬೆಟ್ಟು, ಮಜಲು, ಬೈಲು ಅಂತ ಹೇಳಿ ಬಾವ, ಇಂಗ್ಲಿಷ್ ಯಾಕೆ?" ಎಂದರು.

ನಮ್ಮ ಕಡೆಯ ಗದ್ದೆಗಳಿಗೆ ಇರುವ ಹೆಸರು ಅವು. ಮೇಲಿನದು ಬೆಟ್ಟು ಗದ್ದೆ. ನೀರು ನಿಲ್ಲುವುದಿಲ್ಲ, ಮಳೆ ನಂಬಿ ಏಣೆಲು ಒಂದೇ ಬೆಳೆ. ನಡುವಿನದು ಮಜಲು, ಏಣೆಲಿನ ಮೇಲೆ ಸುಗ್ಗಿ ಎಂಬ ಎರಡನೆಯ ಬೆಳೆಯೂ ಆಗುತ್ತದೆ. ತಗ್ಗಿನದು ಬೈಲು, ಕೊಳಕೆಯೂ ಸೇರಿ ಮೂರು ಬೆಳೆ, ಕಾಲಿಟ್ಟರೆ ಮೊಣಕಾಲಿನವರೆಗೆ ಕೆಸರು. ಬಾವನ ಲೆಕ್ಕದಲ್ಲಿ ಒಣಗಿದ, ಗಟ್ಟಿ ನೆಲಕ್ಕೆ 2ಎಚ್, ಅಂದರೆ ಬೆಟ್ಟು. ಜಾರುವ ಮಣ್ಣು, ಜಲ್ಲಿ, ಒದ್ದೆ ಹುಲ್ಲಿಗೆ 4ಎಚ್, ಮಜಲು. ಹೂತುಹೋಗುವ ಕೆಸರು, ಕಡಿದಾದ ಏರು, ಅಷ್ಟೇ ಕಡಿದಾದ ಇಳಿಜಾರಿಗೆ 4ಎಲ್, ಬೈಲು. ಗಾಡಿಯ ಜೊತೆ ಬಂದ ಪುಸ್ತಕ ಪುಟಗಟ್ಟಲೆ ಹೇಳಿದ್ದೂ ಇದನ್ನೇ. ಅಂದಿನಿಂದ ನಮ್ಮ ಮನೆಯಲ್ಲಿ ಆ ಇಂಗ್ಲಿಷ್ ಅಕ್ಷರಗಳ ಬಳಕೆ ನಿಂತೇಹೋಯಿತು. "ಬಾವ, ಬೈಲಿಗೆ ಹಾಕಿ!" ಎಂದು ಹಿಂದೆ ಡ್ರಮ್ಮು ಹಿಡಿದು ನಿಂತವರೂ ಕೂಗುತ್ತಾರೆ.

ಬೆಟ್ಟಿನಿಂದ ಮಜಲಿಗೆ ಗಾಡಿ ಓಡುತ್ತಿರುವಾಗಲೇ ಬದಲಾಯಿಸಬಹುದು. ಬೈಲಿಗೆ ಇಳಿಯಬೇಕಾದರೆ ನಿಲ್ಲಿಸಿ, ಗೇರು ನ್ಯೂಟ್ರಲ್‌ಗೆ ತಂದು, ಆಮೇಲೆ ತಿರುಗಿಸಬೇಕು. ಏರಿನ ಅರ್ಧದಲ್ಲಿ ಸಿಕ್ಕಿಕೊಂಡ ಮೇಲೆ ಇದು ನೆನಪಾದರೆ ಏನೂ ಪ್ರಯೋಜನವಿಲ್ಲ. ಇದೂ ಸುಖವೇ ಅನ್ನಿ. ಹಳೇ ವಿಲ್ಲಿಸ್ ಜೀಪಿನಲ್ಲಿ ಗೇರಿನ ಕೋಲಲ್ಲದೆ ಇದಕ್ಕೆಂದೇ ಇನ್ನೆರಡು ಕೋಲು ಇರುತ್ತಿದ್ದವು. ಕೆಲವು ಜೀಪುಗಳಲ್ಲಂತೂ ಕೆಸರಿಗೆ ಇಳಿದು ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಲಾಕನ್ನು ಕೈಯಲ್ಲೇ ತಿರುಗಿಸಿ ಬರಬೇಕಿತ್ತು.

ನನಗೆ ಪಾಠವಾದದ್ದು ಕೆಸರಿನಲ್ಲಿ ಅಲ್ಲ, ಮಣಿಪಾಲದಲ್ಲಿ. ತೋಟದಿಂದ ನೇರ ಒಂದು ಮದುವೆಗೆ ಹೊರಟಿದ್ದೆ. ಗುಡ್ಡೆ ದಾಟಲು ಮಜಲಿಗೆ ಹಾಕಿದವನು ತೆಗೆಯಲು ಮರೆತೆ. ಹೆಬ್ರಿ, ಪೆರ್ಡೂರು, ಹಿರಿಯಡ್ಕ, ಉದ್ದಕ್ಕೂ ಮಳೆಯಾದ್ದರಿಂದ ಏನೂ ಗೊತ್ತಾಗಲಿಲ್ಲ. ಮಣಿಪಾಲದಲ್ಲಿ ಮಳೆಯೇ ಇಲ್ಲ, ಡಾಮರು ಒಣಗಿತ್ತು. ಮದುವೆ ಹಾಲ್‌ನ ಪಾರ್ಕಿಂಗಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದೆ, ನೋಡಿ, ಗಾಡಿ ಹಟ ಹಿಡಿದ ಕೋಣದ ಹಾಗೆ ಕುಪ್ಪಳಿಸತೊಡಗಿತು. ಹಲ್ಲು ಕಡಿಯುವ ಸದ್ದು ಬೇರೆ. ಸೆಕ್ಯುರಿಟಿಯವ ವಿಸಿಲ್ ಊದುವುದನ್ನೂ ಮರೆತು ನೋಡುತ್ತ ನಿಂತ. ಗಡಿಬಿಡಿಯಲ್ಲಿ 2ಎಚ್‌ಗೆ ತಿರುಗಿಸಿದರೆ ಮೀಟರಿನಲ್ಲಿ ಫೋರ್ ವೀಲಿನ ಹಸಿರು ದೀಪ ಆರದೆ ಮಿಣಿಮಿಣಿ ಎನ್ನುತ್ತಿತ್ತು. ಗೇರ್‌ಬಾಕ್ಸ್ ಹೋಯಿತು ಎಂದೇ ತೀರ್ಮಾನಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಊಟ ಮಾಡುತ್ತಿದ್ದರು. "ರಿವರ್ಸ್ ಹಾಕಿ, ಸ್ಟೇರಿಂಗ್ ನೇರ ಇಟ್ಟು ಹತ್ತು ಹದಿನೈದು ಅಡಿ ಹಿಂದೆ ಬನ್ನಿ" ಎಂದರು. ಬಂದೆ. ಕೆಳಗೆಲ್ಲೋ ಟಕ್ ಎಂದಿತು, ದೀಪ ಆರಿತು. "ಆಯ್ತಲ್ಲ? ಇನ್ನು ನೀವೂ ಊಟ ಮಾಡಿ."

ಆಮೇಲೆ ಕೂತು ಯೋಚಿಸಿದಾಗ ಹೊಳೆದದ್ದು ಅಜ್ಜನ ಕೋಣಗಳು. ಗದ್ದೆಯ ಮೂಲೆಯಲ್ಲಿ ನೇಗಿಲು ತಿರುಗುವಾಗ ಒಳಬದಿಯ ಕೋಣ ಬಹುತೇಕ ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಹೊರಬದಿಯದು ಅಗಲ ಸುತ್ತು ಬರುತ್ತದೆ, ನೊಗ ಓರೆಯಾಗಿ ಇಬ್ಬರಿಗೂ ಅವಕಾಶ ಕೊಡುತ್ತದೆ. ಗಾಡಿಯ ಎಡಬಲದ ಚಕ್ರಗಳ ನಡುವೆ ಈ ನೊಗದ ಕೆಲಸ ಮಾಡುವುದು ಡಿಫರೆನ್ಶಿಯಲ್. ತಿರುವಿನಲ್ಲಿ ಮುಂದಿನ ಜೋಡಿಯೂ ಹಿಂದಿನ ಜೋಡಿಗಿಂತ ಹೆಚ್ಚು ದಾರಿ ನಡೆಯಬೇಕು. ನಮ್ಮ ಪಿಕಪ್ಪಿನಲ್ಲಿ 4ಎಚ್ ಹಾಕಿದ ಕೂಡಲೇ ಮುಂದಿನವರನ್ನೂ ಹಿಂದಿನವರನ್ನೂ ಒಂದೇ ಲೆಕ್ಕಕ್ಕೆ ಕಟ್ಟಿದ ಹಾಗೆ. ಅವರ ನಡುವೆ ಓರೆಯಾಗುವ ನೊಗ ಇಲ್ಲ. ಕೆಸರಿನಲ್ಲಾದರೆ ಟಯರು ಚೂರು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಡಾಮರಿನಲ್ಲಿ ಜಾರಲು ಎಡೆಯಿಲ್ಲ, ಬಿಗಿತವೆಲ್ಲ ಹಲ್ಲಿನ ಚಕ್ರಗಳ ನಡುವೆ ಕೂತುಬಿಡುತ್ತದೆ. ಬಾವನ ಟಿಲ್ಲರಿನಲ್ಲಿ ಈ ಸಮಸ್ಯೆಯನ್ನು ಕೈಗೇ ಬಿಟ್ಟಿದ್ದಾರೆ: ಎಡ ಹಿಡಿ ಒತ್ತಿದರೆ ಎಡ ಚಕ್ರದ ಓಟ ಕಡಿದು ಟಿಲ್ಲರು ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಮಾತ್ರ ಬಿಟ್ಟ ಚಕ್ರವೇ ಮುಂದೆ ಓಡುವುದರಿಂದ ಎಡ ಒತ್ತಿದರೆ ಬಲಕ್ಕೆ ಹೋಗುತ್ತದೆ. ಇದನ್ನು ನನಗೆ ಮೊದಲೇ ಹೇಳಬೇಕೆಂದು ಬಾವನಿಗೆ ತೋಚಿರಲಿಲ್ಲ. ತೋಡಿನ ಬದಿಯ ಒಂದು ಬಾಳೆಗಿಡ ಅದಕ್ಕೆ ಬಲಿಯಾಯಿತು.

ನಾಲ್ಕೂ ಚಕ್ರ ದುಡಿದರೂ ಸಿಕ್ಕಿಕೊಳ್ಳುವುದು ಸಾಧ್ಯ ಎನ್ನುವುದು ಗೊತ್ತಾದದ್ದು ಮರುವರ್ಷ. ಎಡಬದಿಯ ಎರಡೂ ಚಕ್ರ ತೋಟದ ನೀರು ಹರಿಯುವ ಕಣಿಗೆ ಇಳಿದವು. ಬೈಲಿಗೇ ಹಾಕಿದೆ. ಮುಂದೆ ಒಂದು, ಹಿಂದೆ ಒಂದು, ಕಣಿಯಲ್ಲಿದ್ದ ಎರಡು ಮಾತ್ರ ಉತ್ಸಾಹದಿಂದ ತಿರುಗಿದವು. ಬಲಬದಿಯ ಎರಡು ಗಟ್ಟಿ ನೆಲದಲ್ಲಿ ನಿಂತು ತಮಾಷೆ ನೋಡಿದವು. ಡಿಫರೆನ್ಶಿಯಲ್ಲಿನ ಗುಣವೇ ಅದು: ಯಾವ ಕಡೆ ಸಲೀಸೋ ಆ ಕಡೆಗೆ ಓಟವನ್ನು ಬಿಟ್ಟುಕೊಡುತ್ತದೆ. ಅದಕ್ಕೆ ಲಾಕ್ ಇರುವ ಗಾಡಿಗಳೂ ಉಂಟು, ನಮ್ಮದರಲ್ಲಿ ಇಲ್ಲ. ಮದ್ದು ಬಿಡಲು ಬಂದ ಹೊಸ ಹುಡುಗ ಅಲ್ಲೇ ಬಿದ್ದಿದ್ದ ಅಡಿಕೆ ಹಾಳೆಯನ್ನು ಚಕ್ರದ ಅಡಿಗೆ ಕೊಟ್ಟ. ಹಾಳೆಯ ಮೇಲೆ ಕೂರಿಸಿ ಎಳೆಯುವ ಆಟ ಆಡದೆ ಬೆಳೆದ ಹುಡುಗ ಇರಬೇಕು. ಹಾಳೆ ಹಿಂದಕ್ಕೆ ಹಾರಿ ಸುಣ್ಣದ ಡ್ರಮ್ಮಿಗೆ ಬಡಿಯಿತು. ಬಾವ ಬೈಯುತ್ತಾ ಬಂದು ಅದೇ ಗರಿಯ ಇನ್ನೊಂದು ತುದಿ, ಸೋಗೆಯನ್ನು, ಕತ್ತರಿಸಿ ತುರುಕಿದರು. ಗಾಡಿ ಮೇಲೆ ಬಂತು.

ಕೆಸರಿಗೆ ಕೋಣದ ಕಾಲೇ ಸೈ ಎನ್ನುವುದು ಬಾವನ ವಾದ. ಒತ್ತಿದಾಗ ಎರಡು ಗೊರಸು ಅಗಲವಾಗುತ್ತದೆ, ಎತ್ತುವಾಗ ಕೂಡಿಕೊಳ್ಳುತ್ತದೆ. ಹೂಳುವುದು ಕಡಿಮೆ, ಕೀಳುವುದು ಸುಲಭ. ಟಯರಿಗೆ ಆ ಬುದ್ಧಿ ಇಲ್ಲ, ನಾವೇ ಕೊಡಬೇಕು. ಮಲ್ಪೆಯ ಆಚೆ ಪಡುಕೆರೆಯ ಮರಳಿಗೆ ಇಳಿದ ದೊಡ್ಡ ದೊಡ್ಡ ಗಾಡಿಗಳು ಹೂತು ನಿಲ್ಲುವುದು ಇದಕ್ಕೇ. ಗಾಳಿ ಇಳಿಸಿದರೆ ಟಯರು ಚಪ್ಪಟೆಯಾಗಿ ಹರಡಿ ಮರಳಿನ ಮೇಲೆ ತೇಲುತ್ತದೆ. ಗಾಳಿ ತುಂಬಿಸಿಕೊಂಡೇ ಆಕ್ಸಿಲರೇಟರ್ ಒತ್ತಿದರೆ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಮೀನುಗಾರರು ಹಗ್ಗ ಹಿಡಿದು ಬರುತ್ತಾರೆ. ಅವರು ಬಲೆ ಎಳೆಯುವವರು, ಅವರಿಗೆ ಇದೇನೂ ದೊಡ್ಡದಲ್ಲ.

ಫೋರ್ ವೀಲ್ ಇದೆಯೆಂಬ ಧೈರ್ಯ ಅಪಾಯಕಾರಿಯಾಗುವುದು ಆಗುಂಬೆ ಘಾಟಿಯಲ್ಲಿ. ಮಳೆಗೆ ಅಲ್ಲಿನ 14 ತಿರುವುಗಳಲ್ಲಿ ಜೋರಾಗಿ ಇಳಿಯುವವರನ್ನು ನೋಡಿದ್ದೇನೆ. ನಾನೂ ಒಮ್ಮೆ ಹಾಗೆ ಇಳಿದು, ಎದುರು ಬಸ್ಸು ಬಂದಾಗ ಬ್ರೇಕ್ ಹಾಕಿದೆ. ಗಾಡಿ ನಿಂತಿತು, ಆದರೆ ನಾನು ಅಂದುಕೊಂಡ ಜಾಗದಲ್ಲಲ್ಲ. ಪಕ್ಕದಲ್ಲಿ ಕೂತಿದ್ದ ಅಮ್ಮ ಏನೂ ಹೇಳಲಿಲ್ಲ, ಘಾಟಿಯ ಬುಡದ ಸೋಮೇಶ್ವರ ಬರುವವರೆಗೂ ಹಿಡಿ ಬಿಡಲಿಲ್ಲ. ಆಗ ಹೊಳೆಯಿತು: ಎಳೆಯುವುದಕ್ಕೆ ನಾಲ್ಕು ಚಕ್ರ ಕೆಲವೇ ಗಾಡಿಗಳಿಗೆ, ನಿಲ್ಲಿಸುವುದಕ್ಕೆ ಎಲ್ಲ ಕಾರಿಗೂ ನಾಲ್ಕೇ. ನನ್ನ ಹಳೇ ಕಾರೂ ಆ ಮಟ್ಟಿಗೆ ಫೋರ್ ವೀಲೇ ಆಗಿತ್ತು. ಅಮ್ಮನಿಗೆ ಇದನ್ನು ಹೇಳಿದೆ. "ನಾನು ಅವತ್ತೇ ಹೇಳಿದ್ದೆ" ಎಂದರು.

ಮಣಿಪಾಲದ ಪ್ರಸಂಗದ ನಂತರ ನೆನಪು ಮಾಡುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ತೋಟದಿಂದ ಬರುವಾಗ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರೂ, ಗಾಡಿಯ ಕುಲುಕಾಟ ನಿಂತ ಕೂಡಲೇ "ಡಾಮರು ಬಂತು, ಬೆಟ್ಟಿಗೆ ಹಾಕು" ಎನ್ನುತ್ತಾರೆ. ಹಸಿರು ದೀಪಕ್ಕಿಂತ ಇದು ಖಾತ್ರಿ.

ಮೊನ್ನೆ ಪಿಕಪ್ ಸರ್ವೀಸಿಗೆ ಹೋಗಿತ್ತು. ಇಬ್ಬರೂ ರಿಕ್ಷಾದಲ್ಲಿ ಹೊರಟೆವು. ನಮ್ಮ ಓಣಿಯನ್ನು ಪೈಪಿಗೆಂದು ಅಗೆದು ಹಾಕಿದ್ದಾರೆ. ಕೆಂಪು ಕೆಸರಿನಲ್ಲಿ ಓಲಾಡುತ್ತಾ, ಜಾರುತ್ತಾ ಹೇಗೋ ಮೇನ್ ರೋಡಿಗೆ ಹತ್ತಿದ್ದೇ ತಡ, ಅಮ್ಮ ಸೆರಗು ಸರಿಮಾಡಿಕೊಂಡು, "ಹ್ಞಾಂ, ಇನ್ನು ಬೆಟ್ಟಿಗೆ ಹಾಕಿ" ಎಂದರು.

ರಿಕ್ಷಾದವರು ನಿಧಾನ ಮಾಡಿ ಕನ್ನಡಿಯಲ್ಲಿ ನೋಡಿದರು.

"ಯಾವ ಬೆಟ್ಟಿಗೆ ಅಮ್ಮ? ಕುಂಜಿಬೆಟ್ಟಿಗಾ, ಬಡಗಬೆಟ್ಟಿಗಾ?"